ಮುತ್ತಕ್ಕನ ಸಾವಿಗೆ ಬಂದ ದೋಣಿಗಳು

ಆ ಯುದ್ಧ ಏಕೆ ಶುರುವಾಯಿತು ಎಂಬ ಬಗ್ಗೆ ಈಗ ಕಪಾಟು ತುಂಬುವಷ್ಟು ಪುಸ್ತಕಗಳಿವೆ. ಎಣ್ಣೆಗಾಗಿ ಎಂದು ಕೆಲವರು ಬರೆದಿದ್ದಾರೆ, ಕಡಲ ಗಡಿಗಾಗಿ ಎಂದು ಕೆಲವರು, ಎರಡೂ ದೇಶಗಳ ಮುಖಂಡರಿಗೆ ಚುನಾವಣೆ ಹತ್ತಿರ ಬಂದಿತ್ತು ಎಂದು ಇನ್ನು ಕೆಲವರು. ಇವರೆಲ್ಲ ಓದಿಕೊಂಡವರು, ಸುಳ್ಳು ಹೇಳುವವರಲ್ಲ. ಆದರೆ ಇವರಲ್ಲಿ ಒಬ್ಬರಾದರೂ ಕುಂದಾಪುರದಾಚೆಯ ಬೆಳ್ಳಿಕೋಡಿ ಬಂದರಿನ ತನಕ ಬಂದು, ಮುತ್ತಕ್ಕ ಬದುಕಿದ್ದಾಗಲೇ ಅವಳ ಸಾವಿಗೆ ಊರಿನ ದೋಣಿಗಳೆಲ್ಲ ಏಕೆ ಮರಳಿದವು ಎಂದು ಕೇಳಲಿಲ್ಲ. ಕೇಳಿದ್ದರೆ ಅವರ ಪುಸ್ತಕಗಳು ಸಾಕಷ್ಟು ತೆಳ್ಳಗಾಗುತ್ತಿದ್ದವು.

ಮೊದಲು ಯಂತ್ರದ ವಿಷಯ ಹೇಳಿಬಿಡುತ್ತೇನೆ, ಅದಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ. ಯುದ್ಧಕ್ಕೆ ಹೊರಟ ದೇಶ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಮದುವೆ ಇಟ್ಟುಕೊಂಡ ಮನೆಯವರು ಎಷ್ಟೇ ಗುಟ್ಟು ಮಾಡಿದರೂ ಪಕ್ಕದ ಮನೆಯವರಿಗೆ ಗೊತ್ತಾಗಿಯೇ ಆಗುತ್ತದೆ. ಹಾಲಿನವನು ಹೆಚ್ಚು ಹಾಲು ಹಾಕುತ್ತಾನೆ, ಗೋಡೆಗೆ ಸುಣ್ಣ ಬೀಳುತ್ತದೆ, ನೆಂಟರು ಚೀಲ ಹಿಡಿದು ಬಂದಿಳಿಯುತ್ತಾರೆ. ದೇಶವೂ ಹಾಗೆಯೇ. ಆಸ್ಪತ್ರೆಗಳು ರಕ್ತ ಕೂಡಿಡುತ್ತವೆ, ಸೈನಿಕರ ರಜೆ ರದ್ದಾಗುತ್ತದೆ, ಅಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ, ಮೀನುಗಾರರನ್ನು ಕಡಲಿನಿಂದ ವಾಪಸ್ ಕರೆಸುತ್ತಾರೆ. ಉಪಗ್ರಹಗಳಿಂದ ಇದನ್ನೆಲ್ಲ ನೋಡಿ, ಎದುರಿನ ದೇಶ ಯುದ್ಧಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ನೂರರೊಳಗಿನ ಒಂದು ಅಂಕಿಯಲ್ಲಿ ಹೇಳುವ ಯಂತ್ರವನ್ನು ನಮ್ಮವರು ಕಟ್ಟಿದರು. ಅದಕ್ಕೆ ‘ನಾಡಿ’ ಎಂದು ಹೆಸರಿಟ್ಟರು. ಕಡಲಾಚೆಯ ದೇಶದವರೂ ಅಂಥದ್ದೇ ಒಂದನ್ನು ಕಟ್ಟಿಕೊಂಡರು. ಇಬ್ಬರ ಕೈಯಲ್ಲೂ ಇದ್ದರೆ ಯಾರೂ ಯಾರನ್ನೂ ಮೋಸದಿಂದ ಹೊಡೆಯಲಾರರು, ಇನ್ನು ಶಾಂತಿಯೇ ಗತಿ ಎಂದು ಆ ದಿನ ಪೇಡೆ ಹಂಚಿದರಂತೆ.

ಅಂಕಿ ಎಂಬತ್ತು ಮುಟ್ಟಿದರೆ ಕ್ಷಿಪಣಿಗಳು ತಾವಾಗಿಯೇ ಹಾರುವ ಏರ್ಪಾಡು. ಕಾರಣ ಯೋಚಿಸುತ್ತ ಕೂತವನು ಮೊದಲು ಸಾಯುತ್ತಾನೆ ಎಂಬುದು ಅದರ ಹಿಂದಿನ ಲೆಕ್ಕ. ನಾಡಿಯನ್ನು ನೋಡಿಕೊಳ್ಳುವ ಕೋಣೆಯ ಹಿರಿಯ ಅಧಿಕಾರಿಗೆ ಮಾತ್ರ ಒಂದು ಅಧಿಕಾರ ಉಳಿಸಿದ್ದರು: ಆಚೆ ನಡೆಯುತ್ತಿರುವುದಕ್ಕೆ ಬೇರೆ ಸಾದಾ ಕಾರಣವಿದೆ ಎಂದು ಅವನಿಗೆ ಖಾತ್ರಿಯಿದ್ದರೆ, ಒಂದು ಗುಂಡಿ ಒತ್ತಿ ತಡೆಯಬಹುದು.

ಅಂಥ ಕೋಣೆಗಳಲ್ಲಿ ಒಂದು ಬೆಳ್ಳಿಕೋಡಿಯ ಹಿಂದಿನ ಗುಡ್ಡದ ಮೇಲಿತ್ತು. ವಾರಿಜಾ ಅಲ್ಲಿ ಕೆಲಸ ಮಾಡುತ್ತಿದ್ದಳು. ಆಚೆ ದಡದ ಮೀನುಗಾರಿಕೆ ಬಂದರುಗಳನ್ನು ನೋಡುವುದು ಅವಳ ಪಾಲಿನ ಕೆಲಸ. ಮೊಗವೀರರ ಮನೆಯ ಹೆಣ್ಣು, ಯಾವ ದೋಣಿ ಮೀನಿಗೆ ಹೊರಟಿದೆ, ಯಾವುದು ಸುಮ್ಮನೆ ತಿರುಗುತ್ತಿದೆ ಎಂದು ಮೇಲಿನಿಂದ ನೋಡಿಯೇ ಹೇಳಬಲ್ಲಳು. ವರ್ಷಗಟ್ಟಲೆ ನೋಡಿ ನೋಡಿ ಅಲ್ಲಿಯ ಒಂದು ಬಂದರನ್ನು ಅವಳು ತಮಾಷೆಗೆ ‘ಆಚೆ ಕೇರಿ’ ಎನ್ನುತ್ತಿದ್ದಳು. ಆ ಊರಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ಅವಳಿಗೆ ಕೊನೆಗೂ ಬರಲಿಲ್ಲ.

ಅಲ್ಲಿ ಕೆಲಸ ಮಾಡುವವರಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಅಂಕಿ ಎಷ್ಟೇ ಏರಲಿ, ಮನೆಯಲ್ಲಿ ಏನೂ ಬದಲಾಗಬಾರದು. ನಾವು ಅವರನ್ನು ನೋಡುತ್ತಿರುವ ಹಾಗೆ ಅವರೂ ನಮ್ಮನ್ನು ನೋಡುತ್ತಿದ್ದಾರೆ, ನಮ್ಮ ಭಯ ಅವರ ಯಂತ್ರಕ್ಕೆ ಕಾಣಬಾರದು. ಸರಳವಾಗಿ ಹೇಳುವುದಾದರೆ, ಹೆದರಲು ಕಾರಣ ಗೊತ್ತಿದ್ದವರಿಗೆ ಮಾತ್ರ ಹೆದರುವ ಹಕ್ಕಿರಲಿಲ್ಲ.

ಆ ವಾರ ಕಡಲ ನಡುವೆ ಎರಡು ದೇಶಗಳ ಗಸ್ತು ಹಡಗುಗಳು ಒಂದಕ್ಕೊಂದು ಉಜ್ಜಿಕೊಂಡು ಪತ್ರಿಕೆಗಳಲ್ಲಿ ಗದ್ದಲವಾಗಿತ್ತು. ಬೆಳಿಗ್ಗೆ ವಾರಿಜಾ ಬಂದು ಕೂರುವಾಗ ನಾಡಿ ಅರವತ್ತು ತೋರಿಸುತ್ತಿತ್ತು. ಅವಳು ಕೆಲಸಕ್ಕೆ ಸೇರಿದ ಮೇಲೆ ಅಷ್ಟು ಏರಿದ್ದೇ ಇಲ್ಲ. ಕೋಣೆಯ ಹಿರಿಯ ಅಧಿಕಾರಿ ವೀರೇಶ ನಾಡಗೌಡರು, ಬಾದಾಮಿ ಕಡೆಯವರು, ಅವಳ ಹಿಂದೆ ಬಂದು ನಿಂತರು.

“ಏನ್ ನೋಡಾಕತ್ತೀರಿ ವಾರಿಜಾ ಅವರ? ಅಂಕಿ ಏರತೈತಿ, ಇಳೀತೈತಿ. ನಾವು ಮಾತ್ರ ಏರಬಾರ್ದು, ಇಳೀಬಾರ್ದು.”

“ನನ್ನ ತಮ್ಮ ಕಡಲಲ್ಲಿದ್ದಾನೆ ಸರ್. ಆಳ ಸಮುದ್ರಕ್ಕೆ ಹೋಗಿದ್ದಾನೆ, ಗಡಿಯ ಹತ್ತಿರ.”

“ಇರ್ಲಿ. ದಿನಾ ಎಲ್ಲಿರ್ತಾನೋ ಅಲ್ಲೇ ಇರ್ಲಿ. ಮನಿಗೆ ಎರಡು ಕಿಲೋ ಅಕ್ಕಿ ಹೆಚ್ಚಿಗಿ ಒಯ್ದ್ರೂ ಅದು ದೇಶದ್ರೋಹನ. ತಿಳೀತಿಲ್ಲ?”

ತಿಳಿಯಿತು ಎಂದು ಅವಳು ತಲೆಯಾಡಿಸಿದಳು. ಆದರೆ ಸ್ವಲ್ಪ ಹೊತ್ತಿಗೆ ನೀರು ಕುಡಿಯಲು ಹೊರಗೆ ಬಂದಾಗ, ಕಂಬದ ಮರೆಯಲ್ಲಿ ನಾಡಗೌಡರು ಹೆಂಡತಿಯ ಜತೆ ಮಾತಾಡುತ್ತಿದ್ದುದು ಕಿವಿಗೆ ಬಿತ್ತು.

“ಬಸ್ ಬಿಟ್ಟಿತೇನು? ಬಾದಾಮಿ ಮುಟ್ಟಿದ ಕೂಡ್ಲೆ ಫೋನ್ ಮಾಡು. ಹುಡುಗರ ಸಾಲಿ ತಪ್ಪಿದ್ರ ತಪ್ಪಲಿ ಬಿಡು. ಹಬ್ಬಕ್ಕ ಬಂದೀವಿ ಅಂತ ಹೇಳು. ಯಾವ ಹಬ್ಬ ಅಂದ್ರ... ಏನರ ಒಂದು ಹೇಳು!”

ನಿಯಮ ಹೇಳುವವರೇ ಹೆಂಡತಿ ಮಕ್ಕಳನ್ನು ಬಸ್ಸು ಹತ್ತಿಸಿದ್ದಾರೆ ಎಂದಮೇಲೆ ವಿಷಯ ಕೈಮೀರಿದೆ ಎಂದೇ ಅರ್ಥ. ವಾರಿಜಾ ಮೆಟ್ಟಿಲಿಳಿದು ಗೇಟಿನಾಚೆ ಹೋಗಿ, ತಮ್ಮ ದಿನಕರನ ದೋಣಿಯ ಉಪಗ್ರಹ ಫೋನಿಗೆ ಕರೆ ಮಾಡಿದಳು.

“ಎಂತ ಅಕ್ಕಾ, ಈ ಹೊತ್ತಿಗೆ? ಬಲೆ ಎಳೂಕೆ ಶುರು ಮಾಡ್ದ್ ಮಾತ್ರ.”

“ಬಲೆ ಬಿಡ್. ವಾಪಾಸ್ ಬಾ, ದಿನು.”

“ಎಂತಕ್ಕೆ?”

“ಕೇಳ್ಬೇಡ. ಈಗ್ಲೇ ದೋಣಿ ತಿರ್ಗ್ಸ್.”

ದಿನಕರ ಬೇರೆಯೇ ದನಿಯಲ್ಲಿ, “ಅಮ್ಮನಾ?” ಎಂದ.

“ಬಾ ಅಂದೆ ಅಲ್ದಾ!” ಎಂದು ಅವಳು ಫೋನಿಟ್ಟಳು.

ಬೆಳ್ಳಿಕೋಡಿಯಲ್ಲಿ ಒಂದು ಪದ್ಧತಿಯಿದೆ. ಕಡಲಲ್ಲಿರುವವನಿಗೆ ಮನೆಯ ಸಾವನ್ನು ಹೇಳುವುದಿಲ್ಲ. ಹೇಳಿದರೆ ಅವನ ಕೈ ಸೋತು ಚುಕ್ಕಾಣಿ ತಪ್ಪುತ್ತದೆ ಎಂಬ ಭಯ. ಅದಕ್ಕೆ ಬರೀ ‘ಬಾ’ ಎನ್ನುತ್ತಾರೆ, ಎಷ್ಟು ಕೇಳಿದರೂ ಕಾರಣ ಹೇಳುವುದಿಲ್ಲ. ಕಾರಣ ಹೇಳದೆ ಕರೆದರೆ ಮನೆಯಲ್ಲಿ ಹೆಣವಿದೆ ಎಂದು ತಿಳಿಯಬೇಕು. ವಾರಿಜಾಗೆ ಇದು ಗೊತ್ತಿಲ್ಲದ್ದೇನಲ್ಲ. ತಮ್ಮನ ದನಿ ಬದಲಾದದ್ದೂ ಅವಳಿಗೆ ತಿಳಿಯಿತು. ಸಂಜೆ ತನಕ ಅಳಲಿ, ಬೇಗ ಬರುತ್ತಾನೆ, ಬಂದಮೇಲೆ ಕಾಲು ಹಿಡಿದರಾಯಿತು ಎಂದುಕೊಂಡಳು.

ಕೇರಿಯಲ್ಲಿ ಸಾವಾದರೆ ಎಲ್ಲ ದೋಣಿಗಳೂ ಮರಳಬೇಕು ಎಂಬ ಹಳೆಯ ಕಟ್ಟು ಕೂಡ ಇತ್ತು. ಆದರೆ ಡೀಸೆಲ್ ದೋಣಿಗಳು ಬಂದ ಮೇಲೆ ಅದು ಸಡಿಲವಾಗಿ, ಈಗೀಗ ಸತ್ತವರ ಮನೆಯ ದೋಣಿ ಮಾತ್ರ ಬರುತ್ತಿತ್ತು. ಬಂದರೆ ದಿನಕರನ ದೋಣಿ ಒಂದು ಬರುತ್ತದೆ, ಒಂದು ದೋಣಿ ಯಾವ ಯಂತ್ರದ ಕಣ್ಣಿಗೂ ದೊಡ್ಡದಲ್ಲ ಎಂದು ಅವಳ ಲೆಕ್ಕ. ತನ್ನ ಅಮ್ಮ ಯಾರು ಎಂಬುದನ್ನೇ ಅವಳು ಆ ಗಾಬರಿಯಲ್ಲಿ ಮರೆತಿದ್ದಳು.

ಚಂಡಮಾರುತದ ವರ್ಷ, ಕರೆಂಟು ಹೋಗಿ ದೀಪಸ್ತಂಭ ಕುರುಡಾದಾಗ, ಕಡಲಲ್ಲಿ ಸಿಕ್ಕಿಕೊಂಡ ದೋಣಿಗಳಿಗೆ ದಡ ಯಾವ ಕಡೆ ಎಂದು ತಿಳಿಯಲಿಲ್ಲ. ಅವಳ ಅಮ್ಮ ಮುತ್ತಕ್ಕ ತನ್ನ ಮನೆಯ ಬಾಗಿಲು, ಮಂಚ, ಮಾಡಿನ ಮರದ ಪಕಾಸುಗಳನ್ನೆಲ್ಲ ಕಿತ್ತು ತಂದು ಮರಳ ಮೇಲೆ ರಾಶಿ ಹಾಕಿ ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟಳು. ಆ ಬೆಳಕು ಹಿಡಿದು ಬದುಕಿ ಬಂದವರೇ, ಇಲ್ಲವೇ ಅವರ ಮಕ್ಕಳೇ ಈಗ ಬೆಳ್ಳಿಕೋಡಿಯ ದೋಣಿಗಳಲ್ಲಿ ಇರುವವರು. ಮುತ್ತಕ್ಕ ಹೋದಳಂತೆ ಎಂದು ದಿನಕರ ವೈರ್‌ಲೆಸ್ಸಿನಲ್ಲಿ ಅಳುತ್ತ ಹೇಳಿದ ಮೇಲೆ ಯಾರು ತಾನೇ ಬಲೆ ಎಳೆಯುತ್ತ ಕೂರುತ್ತಾರೆ?

ಮಧ್ಯಾಹ್ನ ಇಳಿದ ಮೇಲೆ ವಾರಿಜಾ ತಮ್ಮ ಬರುವ ಹೊತ್ತಾಯಿತೆಂದು ಸ್ಕೂಟರಿನಲ್ಲಿ ಮನೆಗೆ ಬಂದಾಗ ಮುತ್ತಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತು ಸಿಗಡಿ ಸುಲಿಯುತ್ತಿದ್ದಳು. ಅಳಿವೆ ಬಾಯಿಯ ಕಡೆಯಿಂದ ಎಂಜಿನ್ನುಗಳ ಸದ್ದು ಬರತೊಡಗಿತು. ಒಂದಲ್ಲ, ಹತ್ತಲ್ಲ. ವಾರಿಜಾ ತಿರುಗಿ ನೋಡಿದರೆ ಇಡೀ ಊರಿನ ದೋಣಿಗಳು ಒಂದರ ಹಿಂದೆ ಒಂದು ಬಂದರಿಗೆ ನುಗ್ಗುತ್ತಿದ್ದವು.

ಗಂಡಸರು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿಕೊಂಡು, ಬರಿಗಾಲಲ್ಲಿ, ಮಾತಿಲ್ಲದೆ ಅಂಗಳ ತುಂಬಿದರು. ಮುಂದೆ ಕೇರಿಯ ಹಿರಿಯ ಸೂರ ಗುರಿಕಾರ. ಮುತ್ತಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ಎಂತ ಮಕ್ಳೆ, ಎಲ್ಲರೂ ಒಟ್ಟಿಗೆ ಬಂದಿರಿ? ಬಲೆ ಗಿಲೆ ಹರ್ದ್ ಹೋಯ್ತಾ?”

ಸೂರ ಗುರಿಕಾರನ ಬಾಯಿ ತೆರೆದೇ ಉಳಿಯಿತು. “ಮುತ್ತಕ್ಕಾ... ನೀನ್ ಇದ್ಯಾ?”

“ಇಲ್ದೆ ಎಲ್ಲಿಗೆ ಹೋಪುದ್? ಇಷ್ಟ್ ಸಿಗ್ಡಿ ಸುಲುಕೆ ಬಾಕಿ ಇತ್ತಲೆ!”

ಯಾರೋ ನಕ್ಕರು. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು. ಸುಳ್ಳು ಸಾವಿನ ಸುದ್ದಿ ಬಂದವರಿಗೆ ಆಯುಷ್ಯ ಹೆಚ್ಚುತ್ತದೆ ಎಂಬ ನಂಬಿಕೆ ಅವರದು. ಹೆಂಗಸರು ಚಾ ಇಡಲು ಓಡಿದರು. ದಿನಕರ ಮಾತ್ರ ಬಂದವನೇ ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತ. ಅತ್ತು ಮುಗಿಸಿ ಅಕ್ಕನ ಕಡೆ ತಿರುಗಿದ. ಕಣ್ಣುಗಳು ಕೆಂಪಗಾಗಿದ್ದವು.

“ಇದೆಂತ ಕುಶಾಲ್ ಅಕ್ಕಾ? ದಾರಿಯೆಲ್ಲ ನಾನ್ ಹ್ಯಾಂಗ್ ಬಂದೆ ಗೊತ್ತಿತ್ತಾ?”

ತಮ್ಮ ಕಣ್ಣೆದುರಿಗೆ ಜೀವಂತ ನಿಂತಿದ್ದಾನೆ ಎಂಬ ಸಂತೋಷವನ್ನು ಅನುಭವಿಸುವುದಕ್ಕೂ ವಾರಿಜಾಗೆ ಪುರುಸೊತ್ತು ಸಿಗಲಿಲ್ಲ. ಫೋನು ಬಡಿದುಕೊಳ್ಳುತ್ತಿತ್ತು. ನಾಡಗೌಡರು.

“ನಿಮ್ಮ ಬಂದರದಾಗ ಏನ್ ನಡದೈತ್ರೀ? ದೋಣಿ ಎಲ್ಲಾ ಒಳಗ ಬಂದಾವು. ಆ ಕಡಿಯವರು ಅದನ್ನ ನೋಡಿ ಕ್ಷಿಪಣಿ ಗಾಡಿ ಹೊರಗ ತಂದಾರ. ಅವರು ತಂದಿದ್ದು ನೋಡಿ ನಮ್ಮ ಅಂಕಿ ಎಪ್ಪತ್ತು ದಾಟೇತಿ!”

ಅವಳು ಹಿತ್ತಿಲಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ಸರ್, ಆಚೆಯವರ ಜತೆ ಮಾತಾಡಲು ನಿಮಗೆ ನೇರ ಫೋನಿದೆಯಲ್ಲ, ಹೇಳಿಬಿಡಿ. ತಪ್ಪು ನನ್ನದು ಅಂತ ಹೇಳಿ.”

“ಏನಂತ ಹೇಳ್ಲಿ? ಯುದ್ಧ ಆಗತೈತಿ ಅಂತ ಅಂಜಿ, ನಮ್ಮ ಕೋಣಿಯಾಗ ಕೆಲಸ ಮಾಡೋ ಹೆಣ್ಮಗಳೇ ತಮ್ಮನ್ನ ಕರಸ್ಯಾಳ ಅಂತ ಹೇಳ್ಲೇನು? ಅದಕ್ಕಿಂತ ದೊಡ್ಡ ಸಾಕ್ಷಿ ಅವರಿಗೆ ಮತ್ತೇನ್ ಬೇಕ್ರೀ?”

ಸತ್ಯ ಹೇಳಿದರೆ ಸುಳ್ಳಿಗಿಂತ ಹೆಚ್ಚು ಅಪಾಯ ಎಂಬ ಪರಿಸ್ಥಿತಿಯನ್ನು ಅವಳು ಅಲ್ಲಿಯ ತನಕ ಕಂಡಿರಲಿಲ್ಲ. ನಾಡಗೌಡರ ದನಿ ಸ್ವಲ್ಪ ಮೆತ್ತಗಾಯಿತು.

“ಒಂದ ದಾರಿ ಐತಿ. ದೋಣಿ ವಾಪಸ್ ಕಡಲಿಗೆ ಇಳೀಲಿ. ಮೀನಾ ಹಿಡೀಲಿ. ದಿನದ ಹಂಗ ಕಾಣಲಿ. ಬ್ಯಾಗ ಮಾಡ್ರಿ.”

ದೋಣಿಗಳು ಹೋಗಬೇಕಾದರೆ ದಿನಕರನದು ಮೊದಲು ಹೋಗಬೇಕು. ಅವನ ಮನೆಯ ಕರೆಗೆ ಬಂದವರು, ಅವನು ಹೊರಡದೆ ಯಾರೂ ಹೊರಡುವುದಿಲ್ಲ. ಅವನೊಬ್ಬನನ್ನು ಉಳಿಸಿಕೊಳ್ಳಲು ನೋಡಿದ್ದಳು, ಈಗ ಅವನನ್ನೇ ಮೊದಲು ನೂಕಬೇಕು. ವಾರಿಜಾ ಅಡುಗೆಮನೆಯ ಗೋಡೆಗೆ ಒರಗಿ ಅತ್ತಳು. ಮುತ್ತಕ್ಕ ಸಿಗಡಿಯ ಪಾತ್ರೆ ಹಿಡಿದು ಒಳಗೆ ಬಂದಳು.

“ನೀನ್ ಸುಮ್ನೆ ಕರೆವ ಹೆಣ್ಣಲ್ಲ. ಎಂತ ಆಯ್ತ್?”

“ಹೇಳೂಕ್ ಆತಿಲ್ಲೆ ಅಮ್ಮ. ಆದ್ರೆ ಎಲ್ಲರೂ ತಿರ್ಗಿ ಕಡಲಿಗೆ ಹೋಯ್ಕ್. ದಿನುವೂ.”

ಮುತ್ತಕ್ಕ ಮಗಳ ಮುಖವನ್ನೇ ನೋಡಿದಳು. “ಅವ್ನ್ ಹೋಪುದ್ ಒಳ್ಳೇದಾ, ಕೆಟ್ಟದ್ದಾ?”

“ನಂಗ್ ಗೊತ್ತಿಲ್ಲೆ. ಹೋಗ್ದಿರೆ ಎಲ್ಲರಿಗೂ ಕೆಟ್ಟದ್ದ್.”

ಮುದುಕಿ ಕೈ ತೊಳೆದುಕೊಂಡು ಅಂಗಳಕ್ಕೆ ಹೋಗಿ, “ಹ್ವಾಯ್, ಚಾ ಕುಡ್ದಾಯ್ತಲೆ? ನಾನ್ ಸತ್ತದ್ದ್ ಸಾಕ್. ಬದ್ಕಿದವ್ರಿಗೆ ನಾಳೆಗೆ ಮೀನ್ ಬೇಕ್. ಹೊರ್ಡಿ, ಹೊರ್ಡಿ!” ಎಂದು ಕೋಳಿ ಅಟ್ಟುವ ಹಾಗೆ ಅಟ್ಟಿದಳು. ಗಂಡಸರು ಗೊಣಗಿದರು, ನಕ್ಕರು, ಕೊನೆಗೆ ಅವಳ ಮಾತು ತೆಗೆದುಹಾಕಲಾರದೆ ಹೊರಟರು. ದಿನಕರ ಅಕ್ಕನ ಜತೆ ಮಾತಾಡದೆ ದೋಣಿ ಹತ್ತಿದ. ಮುತ್ತಕ್ಕ ಹೆಂಗಸರನ್ನು ಕಟ್ಟಿಕೊಂಡು ಜೆಟ್ಟಿಯಲ್ಲೇ ಕೂತಳು.

ವಾರಿಜಾ ಮತ್ತೆ ಗುಡ್ಡಕ್ಕೆ ಬಂದಾಗ ಹೊತ್ತು ಇಳಿಯುತ್ತಿತ್ತು. ಅಂಕಿ ಇಳಿದಿತ್ತು. ಅರವತ್ತೆಂಟು, ಆಮೇಲೆ ಅರವತ್ತೈದು. ಆಚೆಯವರು ಗಾಡಿಗಳನ್ನು ಒಳಗೆ ಸರಿಸುತ್ತಿದ್ದರು. ನಾಡಗೌಡರು ಹಣೆ ಒರೆಸಿಕೊಂಡು ಕುರ್ಚಿಗೆ ಬಿದ್ದರು. “ಒಂದ್ ಕಪ್ ಚಾ ತರಸ್ರಿ ವಾರಿಜಾ ಅವರ. ನಿಮ್ಮ ಅವ್ವನ ಆಯುಷ್ಯ ಗಟ್ಟಿ ಐತಿ” ಎಂದರು. ಅವಳು ಚಹಾಕ್ಕೆ ಹೇಳಿ ತನ್ನ ಜಾಗದಲ್ಲಿ ಕೂತಳು.

ಚಹಾ ಬರುವ ಮೊದಲೇ ಅವಳ ಪರದೆಯ ಮೇಲೆ ಆಚೆ ಕೇರಿಯ ಚಿತ್ರ ಬದಲಾಯಿತು. ಅಲ್ಲಿಯ ದೋಣಿಗಳು ಮೂತಿ ತಿರುಗಿಸಿದ್ದವು. ಮೊದಲು ಒಂದು. ಅದರ ಹಿಂದೆ ನಾಲ್ಕಾರು. ನೋಡುತ್ತಿದ್ದಂತೆ ಇಡೀ ಬಂದರಿನ ದೋಣಿಗಳು ಬಲೆ ಬಿಟ್ಟು ಮನೆಯ ದಾರಿ ಹಿಡಿದವು.

ಅಂಕಿ ಒಂದೇ ಸಲಕ್ಕೆ ಎಪ್ಪತ್ತನಾಲ್ಕಾಯಿತು.

“ಸರ್, ತಡೀರಿ! ಇದು ಯುದ್ಧ ಅಲ್ಲ” ಎಂದು ವಾರಿಜಾ ಎದ್ದು ನಿಂತಳು. “ಅಲ್ಲೂ ನನ್ನ ಹಾಗೆ ಯಾರೋ ಇದ್ದಾಳೆ. ನಮ್ಮ ದೋಣಿಗಳು ಬಂದದ್ದನ್ನು ಪರದೆಯ ಮೇಲೆ ಕಂಡು, ಹೆದರಿ, ಅಣ್ಣನನ್ನೋ ಗಂಡನನ್ನೋ ಕರೆದಿದ್ದಾಳೆ. ಒಂದು ದೋಣಿ ಮೊದಲು ತಿರುಗಿತು ಸರ್, ನಾನು ಕಣ್ಣಾರೆ ಕಂಡೆ. ಇದು ಸರಕಾರದ ಅಪ್ಪಣೆಯಲ್ಲ. ಅಪ್ಪಣೆಯಾಗಿದ್ದರೆ ಎಲ್ಲ ಒಟ್ಟಿಗೆ ತಿರುಗುತ್ತಿದ್ದವು.”

ನಾಡಗೌಡರ ಬೆರಳು ಗುಂಡಿಯ ಹತ್ತಿರ ಹೋಯಿತು. ಅವರು ಕೆಟ್ಟ ಮನುಷ್ಯರಲ್ಲ. ಬೆರಳು ಅಲ್ಲೇ ನಿಂತಿತು.

“ನೀವು ನಿಮ್ಮ ತಮ್ಮನ್ನ ಯಾಕ ಕರಸಿದ್ರಿ?”

“ಹೆದರಿ, ಸರ್.”

“ಯುದ್ಧ ಆಗತೈತಿ ಅಂತ ನಿಮಗ ಖರೇನ ಅನಿಸಿತ್ತೋ ಇಲ್ಲೋ?”

ಅನಿಸಿತ್ತು. ಇಲ್ಲವೆಂದರೆ ಹೆತ್ತ ತಾಯಿಯ ಸಾವನ್ನು ನಂಬಿಸುವಷ್ಟು ದೂರ ಅವಳು ಹೋಗುತ್ತಿರಲಿಲ್ಲ.

“ಆಕಿಗೂ ಖರೇನ ಅನಿಸೇತಿ” ಎಂದರು ನಾಡಗೌಡರು. “ಅವರ ಕೋಣಿಯಾಗ ಕುಂತಾಕಿಗೆ ನಮಗಿಂತ ಹೆಚ್ಚು ಗೊತ್ತಿರತೈತಿ. ನಾ ಈಗ ತಡದು, ಅವರು ಮೊದಲ ಹೊಡದ್ರ, ನನ್ನ ಹುಡುಗರಿಗೆ ನಾ ಏನಂತ ಹೇಳ್ಲಿ?”

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಅಂಕಿ ಎಂಬತ್ತು ಮುಟ್ಟಿತು. ಗುಡ್ಡದ ಹಿಂಬದಿಯಿಂದ ಕ್ಷಿಪಣಿಗಳು ಎದ್ದ ಸದ್ದಿಗೆ ಕಿಟಕಿಯ ಗಾಜುಗಳೆಲ್ಲ ನಡುಗಿದವು. ನಾಡಗೌಡರು ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಫೋನು ಹಚ್ಚತೊಡಗಿದರು. ವಾರಿಜಾ ಗೇಟಿನಾಚೆ ಓಡಿ ತಮ್ಮನಿಗೆ ಕರೆ ಮಾಡಿದಳು.

“ಅಕ್ಕಾ, ಮೇಲಿಂದ ಬೆಂಕಿ ಗೆರೆ ಹೋಯ್ತ್!” ದಿನಕರ ಕೂಗುತ್ತಿದ್ದ. “ಪಡುವಕ್ಕೆ! ಒಂದಲ್ಲ, ಸುಮಾರ್. ಹುಡ್ರೆಲ್ಲ ಹೆದ್ರಿರ್. ದೋಣಿ ತಿರ್ಗ್ಸ್ತೆ, ಬತ್ತೆ.”

“ಬರ್ಬೇಡ!”

“ಎಂತಕ್ಕೆ?”

ಈ ಸಲ ಅವಳು ಕಾರಣ ಹೇಳಿದಳು. ಊರಿನ ಪದ್ಧತಿ, ಸರಕಾರದ ಗುಟ್ಟು ಯಾವುದನ್ನೂ ನೋಡಲಿಲ್ಲ. “ಯುದ್ಧ ಶುರುವಾಯ್ತ್ ದಿನು. ನಮ್ಮವರೇ ಮೊದಲ್ ಹೊಡ್ದ್ರ್. ಅವ್ರ್ ತಿರ್ಗಿ ಹೊಡುದ್ ಈ ಗುಡ್ಡಕ್ಕೆ, ಈ ದಡಕ್ಕೆ. ಎಲ್ಲ ದೋಣಿಗೂ ಹೇಳ್, ಯಾರೂ ದಡಕ್ಕೆ ಬರೂಕಾಗ. ಡೀಸೆಲ್ ಇಪ್ಪಷ್ಟ್ ತೆಂಕಕ್ಕೆ ಹೋಯ್ನಿ.”

“ಅಮ್ಮ ಅಲ್ಲೇ ಇತ್ತಲೆ ಅಕ್ಕಾ! ನೀನ್?”

“ನಾನ್ ಅಮ್ಮನ ಹತ್ರ ಹೋತೆ. ನೀನ್ ಬರ್ಬೇಡ. ನನ್ನಾಣೆ.”

ಜೆಟ್ಟಿಯಲ್ಲಿ ಮುತ್ತಕ್ಕ ಬಲೆಯ ರಾಶಿಯ ಮೇಲೆ ಕೂತು ಆಕಾಶದಲ್ಲಿ ಉಳಿದ ಹೊಗೆಯ ಗೆರೆಗಳನ್ನು ನೋಡುತ್ತಿದ್ದಳು. ವಾರಿಜಾ ಅವಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಮುದುಕಿ ಕೇಳಿದ್ದು ಒಂದೇ ಮಾತು.

“ಮಗ ಕಡಲಲ್ಲೇ ಇದ್ದನಲೆ?”

“ಇದ್ದ ಅಮ್ಮ. ಎಲ್ಲರೂ ಕಡಲಲ್ಲೇ ಇದ್ರ್.”

“ಹಾಂಗಾರೆ ಉಳ್ದವ್ರನ್ನೂ ಅಲ್ಲಿಗೇ ಕಳ್ಸುವ” ಎಂದು ಮುತ್ತಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು.

ಬೆಳ್ಳಿಕೋಡಿ ಹೊಳೆಗೂ ಕಡಲಿಗೂ ನಡುವಿನ ಒಂದು ಮರಳ ಪಟ್ಟಿ. ಊರಿನಿಂದ ಹೊರಗೆ ಹೋಗುವ ಒಂದೇ ರಸ್ತೆ ಆ ಗುಡ್ಡದ ಬುಡದಲ್ಲೇ ಹಾದುಹೋಗುತ್ತದೆ. ದಡದಲ್ಲಿ ಉಳಿದಿದ್ದವು ಹೊಳೆ ಮೀನಿಗೆ ಹೋಗುವ ಸಣ್ಣ ಪಾತಿ ದೋಣಿಗಳು ಮಾತ್ರ. ಮುತ್ತಕ್ಕನ ಕೂಗಿಗೆ ಕೇರಿಯ ಹೆಂಗಸರು ಮನೆಗೋಡಿ ಮಕ್ಕಳನ್ನು ಎತ್ತಿಕೊಂಡು ಬಂದರು. ಬಾಣಂತಿಯರನ್ನು, ಎಳೆಯ ಮಕ್ಕಳನ್ನು ಮೊದಲು ಹತ್ತಿಸಿದರು. ಹುಟ್ಟು ಹಾಕಲು ಬರುವ ಒಬ್ಬೊಬ್ಬಳನ್ನು ಒಂದೊಂದು ದೋಣಿಗೆ ಕೂರಿಸಿದರು. ಇಳಿತದ ಹೊತ್ತು, ನೀರು ಹಿಂದೆ ಸರಿದಿತ್ತು. ಮರಳಿನ ಮೇಲೆ ಕೂತ ದೋಣಿಯನ್ನು ಹಿಂದಿನಿಂದ ಇಬ್ಬರು ಹೆಗಲು ಕೊಟ್ಟು ನೂಕದೆ ಅದು ನೀರಿಗೆ ಇಳಿಯುವಂತಿರಲಿಲ್ಲ.

“ಒಂದ್ ಬದಿ ನೀನ್ ಹಿಡಿ” ಎಂದಳು ಮುತ್ತಕ್ಕ.

ವಾರಿಜಾ ಚಪ್ಪಲಿ ಬಿಟ್ಟು ಮರಳಿಗಿಳಿದು ಹೆಗಲು ಕೊಟ್ಟಳು. ಒಂದಾದ ಮೇಲೊಂದು ದೋಣಿ ಹೋಯಿತು. ಕೊನೆಯದು ತೇಲಿದಾಗ ಅದರೊಳಗಿನ ಹೆಂಗಸು ಕೈ ಚಾಚಿ, ನೀವಿಬ್ಬರೂ ಹತ್ತಿ, ಜಾಗ ಮಾಡಿಕೊಳ್ಳುತ್ತೇವೆ ಎಂದು ಕೂಗಿದಳು. ದೋಣಿಯ ಅಂಚು ಆಗಲೇ ನೀರಿಗೆ ನಾಲ್ಕು ಬೆರಳಷ್ಟೇ ಮೇಲಿತ್ತು. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಆಮೇಲೆ ಸೊಂಟದ ತನಕ ನೀರಿನಲ್ಲಿ ನಿಂತು, ದೋಣಿಯನ್ನು ಇನ್ನೊಂದು ಸಲ ಬಲವಾಗಿ ನೂಕಿದರು.